ಅಪ್ಪಯ್ಯನ ಮೂರು ಕೋವಿ, ಶಿವಮೊಗ್ಗದ ಒಂದು ಅಂಗಡಿ

2023ರ ವಿಧಾನಸಭೆ ಚುನಾವಣೆ ಬಂತು ಅಂತ ಅಪ್ಪಯ್ಯ ಊರಿನ ಎಲ್ಲರ ಹಾಗೆ ಎರಡು ಕೋವಿಯನ್ನೂ ಠಾಣೆಗೆ ಕೊಟ್ಟು, ರಸೀದಿ ತಂದು ಗಣಪತಿ ಫೋಟೊ ಹಿಂದೆ ಸಿಕ್ಕಿಸಿದ್ದರು. ಮೇ 13ಕ್ಕೆ ಎಣಿಕೆ ಮುಗೀತು. ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಕೋವಿ ವಾಪಸ್ ತಂದರು. ನಮ್ಮದನ್ನ ತರೋಕೆ ಅಪ್ಪಯ್ಯನೇ ಇರಲಿಲ್ಲ.

ರಸೀದಿ ಹಿಡಿದು ನಾನು ಹೋದೆ. "ಲೈಸೆನ್ಸ್ ಇದ್ದವರಿಗಷ್ಟೇ ಕೊಡೋದು, ಇಲ್ಲಾಂದ್ರೆ ಕೋವಿ ಅಂಗಡಿಗೆ ಜಮಾ ಮಾಡ್ಸಿ" ಅಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ಆದರೆ ಗೋಣಿಚೀಲದಿಂದ ಕೋವಿ ಹೊರಗೆ ತೆಗೆದಾಗ ನಳಿಗೆ ಉದ್ದಕ್ಕೂ ಕೆಂಪು ತುಕ್ಕು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ, ಗೋಣಿಯಲ್ಲಿ ಸುತ್ತಿಟ್ಟ ಕಬ್ಬಿಣದ ಗತಿ ಏನಾಗಬೇಕು? ಯಾವ ಠಾಣೆ ಅಂತ ಬರೆಯೋಕೆ ಹೋಗಲ್ಲ.

ಹೀಗೆ ಶಿವಮೊಗ್ಗದ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು. ಅಂಗಡಿ ಹೆಸರನ್ನೂ ಬರೆಯಲ್ಲ, ಯಜಮಾನರೇ ಬೇಡ ಅಂದಿದ್ದಾರೆ. "ಈಗ್ಲೇ ಜನ ಜಾಸ್ತಿ ಅಮ್ಮ, ಕೋವಿ ಇಡಕ್ಕೆ ಜಾಗ ಇಲ್ಲ." ಮುಂದುಗಡೆ ಗಾಜಿನ ಕಪಾಟಿನಲ್ಲಿ ಏರ್‌ಗನ್ನು, ಟಾರ್ಚು, ಶಕ್ತಿಮಾನ್ ಬ್ರ್ಯಾಂಡಿನ ತೋಟಾದ ಡಬ್ಬಿಗಳು. ಹಿಂದಿನ ಕೋಣೆಯಲ್ಲಿ ಬೀಟೆ ಮರದ ಸ್ಟ್ಯಾಂಡು, ಅದರ ತುಂಬ ಸಾಲಾಗಿ ನಿಂತ ಜಮಾ ಕೋವಿಗಳು, ಒಂದೊಂದರ ಕೊರಳಿಗೂ ದಾರ ಕಟ್ಟಿದ ರಟ್ಟಿನ ಚೀಟಿ. ಮೂಲೆಯಲ್ಲಿ ಹಳೇ ಕಾಲದ ಬಲ್ಬೊಂದು ಹಗಲಲ್ಲೂ ಉರೀತಿರುತ್ತೆ. ದೇವರ ದೀಪ ಅಂದುಕೊಂಡಿದ್ದೆ. ಅಲ್ಲ, ತೇವ ಹೋಗೋಕಂತೆ.

ನಮ್ಮ ಮೂರನೇ ಕೋವಿ ಅಲ್ಲಿ 2020ರಿಂದಲೇ ಇತ್ತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಮೂರರ ಬದಲು ಎರಡೇ ಕೋವಿ ಅಂತಾಯ್ತಲ್ಲ, ವಂಶಪಾರಂಪರ್ಯವಾಗಿ ಬಂದಿದ್ದಾದ್ರೂ ಎರಡೇ. ಹೆಚ್ಚಿನದನ್ನ 2020ರ ಡಿಸೆಂಬರ್ ಒಳಗೆ ಜಮಾ ಮಾಡಬೇಕಿತ್ತು. ಅಪ್ಪಯ್ಯ ಅಜ್ಜಯ್ಯನ ವಿಂಚೆಸ್ಟರ್ ರೈಫಲನ್ನ ಇಲ್ಲಿ ಬಿಟ್ಟು ಬಂದಿದ್ದರು. ಮನೆಯವರಿಗೆಲ್ಲ ಒಂದು ನಂಬಿಕೆ ಇತ್ತು: ವಿಂಚೆಸ್ಟರ್ ಮಾರಿದರೆ ತಂಗಿಯ ಸೈಟಿನ ಸಾಲ ತೀರುತ್ತೆ.

ಯಜಮಾನರಿಗೆ ಎಪ್ಪತ್ತರ ಮೇಲಾಗಿದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳೋ ಮಸೂರ ಸಿಕ್ಕಿಸಿಕೊಂಡು ಮೊದಲು ಜೋಡು ನಳಿಗೆ ಗ್ರೀನರ್ ಕೈಗೆತ್ತಿಕೊಂಡರು. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು ಡಬ್ಲ್ಯು ಗ್ರೀನರ್ ಕಂಪನಿಯದು, 12 ಬೋರು (ಬೋರು ಅಂದ್ರೆ ನಳಿಗೆ ಒಳಗಿನ ಅಗಲದ ಅಳತೆ). ಮುಂದಿನ ಮರ ಕಳಚಿ, ನಳಿಗೆ ಬಿಡಿಸಿ, ಒಂದು ಹುರಿಗೆ ನೇತುಹಾಕಿ ಬೆರಳ ಗೆಣ್ಣಿಂದ ತಟ್ಟಿದರು. ಗಂಟೆ ಹಾಗೆ ಕುಂಯ್ ಅಂತ ಸುಮಾರು ಹೊತ್ತು ಅನುರಣಿಸ್ತು. ಎರಡು ನಳಿಗೆ ನಡುವಿನ ಬೆಸುಗೆ ಎಲ್ಲಾದ್ರೂ ಬಿಟ್ಟಿದ್ದರೆ ಒಡೆದ ಮಡಕೆ ಶಬ್ದ ಬರುತ್ತಂತೆ. ಆಮೇಲೆ ನಳಿಗೆ ಮೇಲೆ ಎಣ್ಣೆ ಸವರಿ ಬೆಳಕಿಗೆ ಹಿಡಿದು ನನ್ನನ್ನ ಕರೆದರು. ಅಷ್ಟು ವರ್ಷ ಆಯುಧಪೂಜೆಯಲ್ಲಿ ನೋಡಿದ ಕೋವಿ, ನಾನು ಒಂದು ದಿನವೂ ಅದನ್ನ ಗಮನಿಸಿರಲಿಲ್ಲ: ಹಸಿ ಅಡಿಕೆಯನ್ನ ಅಡ್ಡ ಕೊಯ್ದರೆ ಒಳಗೆ ಕಾಣೋ ಗೆರೆಗಳಿವೆಯಲ್ಲ, ಕಂದು ಬಿಳಿ ಸುಳಿಸುಳಿಯಾಗಿ, ಥೇಟ್ ಅದೇ. ಕಬ್ಬಿಣ, ಉಕ್ಕು ಎರಡರ ಪಟ್ಟಿ ಸೇರಿಸಿ ತಿರುಚಿ, ಸುರುಳಿ ಸುತ್ತಿ, ಬಡಿದು ಕೂಡಿಸಿದ ಡಮಾಸ್ಕಸ್ ನಳಿಗೆ ಅದು.

"ಚಂದ ಇದೆ. ಆದ್ರೆ ಇದರಲ್ಲಿ ಈಗಿನ ತೋಟಾ ಹಾಕ್ಬಾರ್ದು" ಅಂದರು. ನಳಿಗೆ ಬುಡದಲ್ಲಿರೋ ಪರೀಕ್ಷೆಯ ಮುದ್ರೆ ತೋರಿಸಿದರು. ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ರಾಜದಂಡ, ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನದ್ದು, 1904ಕ್ಕಿಂತ ಹಿಂದಿನ ಬಗೆ. ಹಳೇ ಕಾಲದ ಕರಿ ಮದ್ದಿಗೆ ಪರೀಕ್ಷೆ ಆದದ್ದು, ಈಗಿನ ಹೊಗೆಯಿಲ್ಲದ ಮದ್ದಿಗೆ ಅಲ್ಲ. ಮೇಲಾಗಿ ತೋಟಾ ಕೂರೋ ಗೂಡು ಎರಡೂವರೆ ಇಂಚು, ಈಗಿನ ತೋಟಾ ಎರಡೂ ಮುಕ್ಕಾಲು.

ಜೊತೆಗೆ ಬಂದ ಚಿಕ್ಕಯ್ಯ ಗಂಟಲು ಸರಿ ಮಾಡಿಕೊಂಡರು. ಮೂವತ್ತು ವರ್ಷ ಅಪ್ಪಯ್ಯ, ಇವರು ಸೇರಿ ಮಂಗ ಓಡಿಸೋಕೆ ಅದರಲ್ಲೇ ಶಕ್ತಿಮಾನ್ ಹಾಕಿ ಈಡು ಹೊಡೆದಿದ್ದಾರೆ. "ಇಷ್ಟ್ ವರ್ಷ ಎಂತದೂ ಆಗ್ಲಿಲ್ಲಲ" ಅಂದರು ಮೆಲ್ಲಗೆ. ಯಜಮಾನರು ಮಸೂರ ತೆಗೆದು, ನಳಿಗೆ ಹಿಡಿಯೋ ಚಿಕ್ಕಯ್ಯನ ಎಡಗೈ ಬೆರಳು ಒಂದೊಂದಾಗಿ ನೋಡಿದರು, ಏನೂ ಹೇಳಲಿಲ್ಲ.

ಕೋವಿಯ ಪಕ್ಕದ ಲೋಹದ ತಟ್ಟೆಯ ಕೆತ್ತನೆ ಮೇಲೆ ಒಂದು ಕಾಸಿನಷ್ಟು ಅಗಲ ಗುಳಿ ಬಿದ್ದಿತ್ತು. ಪ್ರತಿ ವರ್ಷ ಅದೇ ಜಾಗಕ್ಕೆ ಕುಂಕುಮ ಇಟ್ಟು ಒರೆಸದೆ ಬಿಟ್ಟಿದ್ದರ ಫಲ. ಒಳಗಿನ ಯಂತ್ರ ಬಿಚ್ಚಿದರೆ ಅಂಟಂಟು ಹಳದಿ ಮೇಣ. "ಕೊಬ್ರಿ ಎಣ್ಣೆ ಹಾಕ್ತಿದ್ರಾ? ಅದು ತಲೆಗೆ ಅಮ್ಮ, ಕೋವಿಗಲ್ಲ." ಒಣಗಿ ಗೋಂದಾಗಿದ್ದ ಎಣ್ಣೆಯನ್ನ ಸೀಮೆಎಣ್ಣೆಯಲ್ಲಿ ನೆನೆಸಿ ಬಿದಿರು ಕಡ್ಡಿಯಿಂದ ಕೆರೆದು ತೆಗೆದರು, ಅರ್ಧ ಗಂಟೆ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಬೆಲೆ 60 ಸಾವಿರ ಅಂದರು, ಅದೂ ಇಷ್ಟಪಟ್ಟು ಮನೆಯಲ್ಲಿ ಇಟ್ಟುಕೊಳ್ಳೋರು ಸಿಕ್ಕಿದರೆ.

ಮುಂದಿನದು ವಿಂಚೆಸ್ಟರ್. 1895ರ ಮಾದರಿ, ಜಾನ್ ಬ್ರೌನಿಂಗ್ ರೂಪಿಸಿದ್ದು, ಕೆಳಗಿನ ಲಿವರ್ ಎಳೆದು ತೋಟಾ ತುಂಬೋದು. ಬೋರು .405. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾದ ಶಿಕಾರಿಗೆ ಒಯ್ದಿದ್ದು ಇದೇ ಜಾತಿಯದು, ಅದನ್ನೆಲ್ಲ ನಾನು ಮೊಬೈಲಲ್ಲಿ ಓದಿಕೊಂಡು ಹೋಗಿದ್ದೆ. ಹೇಳಿಯೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ತೋಟಾ ಎಲ್ಲಿ ತರ್ತೀರಿ?" ಅಂದರು.

ಅಲ್ಲಿಗೆ ಮುಗೀತು. .405 ತೋಟಾ ನಮ್ಮಲ್ಲಿ ಯಾವ ಅಂಗಡಿಯಲ್ಲೂ ಸಿಗಲ್ಲ. ಅಮೆರಿಕದಲ್ಲಿ ಇದಕ್ಕೆ ಎಷ್ಟೇ ಬೆಲೆ ಇರಲಿ, ಇಲ್ಲಿಂದ ಅಲ್ಲಿಗೆ ಹೋಗೋಕೆ ಅದೇನು ಅಡಿಕೆ ಚೀಲವೇ? "ತೋಟ ಇಲ್ದಿರೋ ಗೌಡ, ತೋಟಾ ಇಲ್ದಿರೋ ಕೋವಿ, ಎರಡಕ್ಕೂ ಹೆಣ್ಣು ಸಿಗಲ್ಲ" ಅಂತ ನಕ್ಕರು. ಚಿಕ್ಕಯ್ಯನಿಗೆ ನಗು ಬರಲಿಲ್ಲ, ಯಾಕಂದ್ರೆ ಅದರ ನಳಿಗೆಯನ್ನ ಎಮರಿ ಪೇಪರ್ ಹಾಕಿ ಉಜ್ಜಿ ಸ್ಟೀಲ್ ಲೋಟದ ಹಾಗೆ ಹೊಳೆಸಿದ್ದವರು ಅವರೇ. ಕಾರ್ಖಾನೆಯ ಕಡುನೀಲಿ ಹೋಗಿ, ಬರಹವೂ ಅರ್ಧ ಅಳಿಸಿದೆ. 25 ಸಾವಿರ.

ಅಟ್ಟದಲ್ಲಿ ಸಿಕ್ಕ ಐದು ಹಳೇ ತೋಟಾ ಇವೆ ಅಂತ ಬಾಯಿ ಬಿಟ್ಟಿದ್ದಕ್ಕೆ ಸರಿಯಾಗಿ ಬೈಸಿಕೊಂಡೆ. ಲೈಸೆನ್ಸ್ ಇಲ್ಲದೆ ತೋಟಾ ಇಟ್ಟುಕೊಂಡರೂ ಕೇಸೇ ಅಂತೆ. ಮರುದಿನವೇ ಪತ್ರ ಬರೆದು ಒಪ್ಪಿಸಿದೆ. ಗೋಡೆಯ ಕಡವೆ ಕೊಂಬಿನ ಫೋಟೊ ತೋರಿಸಿದಾಗಂತೂ ಮೊಬೈಲು ವಾಪಸ್ ನನ್ನ ಕಡೆ ತಳ್ಳಿ, "ಅದು ಅರಣ್ಯ ಇಲಾಖೆ ವಿಷ್ಯ, ನನ್ನ ಹತ್ರ ಮಾತೇ ಎತ್ಬೇಡಿ" ಅಂದರು.

ಮನೆಯಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯದ ಕೊನೆಯದು ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ) ರೈಫಲ್, ತ್ರೀ ಫಿಫ್ಟೀನ್, ಅಂದ್ರೆ .315 ಬೋರು. ಒರಟು ಮರ, ಕೆತ್ತನೆ ಗಿತ್ತನೆ ಇಲ್ಲ, ಮೂರು ಕೋವಿ ಒಂದಕ್ಕೊಂದು ಆನಿಸಿಟ್ಟ ಕಂಪನಿ ಗುರುತು ಮಾತ್ರ. ಅದನ್ನ ನೋಡುತ್ತಲೇ ಅವರ ಮುಖ ಅರಳಿತು. ಬ್ರಿಟಿಷರಿಗೆ ತಮ್ಮ ಸೇನೆಯ .303 ತೋಟಾ ಇಲ್ಲಿನ ಜನರ ಕೈಗೆ ಹೋಗೋದು ಬೇಕಿರಲಿಲ್ಲ. ಹಾಗಾಗಿ ಸೇನೆಯ ಲೀ ರೈಫಲಿನ ಯಂತ್ರವನ್ನೇ ಇಟ್ಟುಕೊಂಡು .315 ಬೋರು ಮಾಡಿ ಇಲ್ಲಿ ಮಾರಿದರು. .303 ಇವತ್ತಿಗೂ ನಿಷೇಧಿತ ಬೋರು. .315 ತೋಟಾ ಮಾತ್ರ ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲೇ ತಯಾರಾಗುತ್ತೆ. 1980ರ ದಶಕದಲ್ಲಿ ಹೊರದೇಶದ ಕೋವಿ ಆಮದು ನಿಂತಿದ್ದರಿಂದ ಹಳೇ ಬಿಎಸ್‌ಎಗೆ ಗಿರಾಕಿ ಕಾದು ಕೂತಿರ್ತಾರೆ. ನಳಿಗೆ ಒಳಗಿನ ಸುರುಳಿ ಗೆರೆ ಚೂಪಾಗಿದೆ ಅಂತ ಟಾರ್ಚ್ ಬಿಟ್ಟು ತೋರಿಸಿದರು. ಠಾಣೆಯ ತುಕ್ಕು ಮೇಲ್ಮೈಯದಷ್ಟೇ. 1 ಲಕ್ಷ 35 ಸಾವಿರ.

ಇದಕ್ಕೆ ಮುಂಚೆ ದೊಡ್ಡ ಊರಿನ ಒಬ್ಬ ವ್ಯಾಪಾರಿಗೆ ವಾಟ್ಸಾಪಲ್ಲಿ ಫೋಟೊ ಕಳಿಸಿದ್ದೆ. ಮೂರಕ್ಕೂ ಸೇರಿ 70 ಸಾವಿರ, "ಹಳೇ ಸಾಮಾನು ಮೇಡಂ" ಅಂದಿದ್ದ. ಬಿಎಸ್‌ಎ ಫೋಟೊ ಒಂದನ್ನೇ ಮತ್ತೆ ಮತ್ತೆ ಕೇಳ್ತಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತು.

ಕಾಗದಪತ್ರದ ಕಥೆ ಚುಟುಕಾಗಿ ಹೇಳ್ತೀನಿ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮ ಮತ್ತು ತಂಗಿಯ ಒಪ್ಪಿಗೆ ಛಾಪಾ ಕಾಗದದ ಮೇಲೆ, ಡಿಸಿ ಆಫೀಸಿಗೆ ಎರಡು ಅರ್ಜಿ. ಬಿಎಸ್‌ಎ, ವಿಂಚೆಸ್ಟರ್ ಮಾರೋ ಅನುಮತಿಗೆ ಒಂದು, ಗ್ರೀನರಿಗೆ ವಾರಸುದಾರಳಾಗಿ ನನ್ನ ಹೆಸರಿಗೆ ಲೈಸೆನ್ಸ್ ಕೇಳಿ ಇನ್ನೊಂದು. ಅಂಗಡಿ ಬಿಟ್ಟು ನೇರ ಇನ್ನೊಬ್ಬರಿಗೆ ಮಾರ್ತೀವಿ ಅಂದ್ರೆ 45 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ಅದೂ ನೆನಪಿರಲಿ. ಎಲ್ಲ ಸರಿ ಇತ್ತು, ಗ್ರೀನರ್ ನಂಬರ್ ಒಂದು ಬಿಟ್ಟು. ಲೈಸೆನ್ಸ್ ಪುಸ್ತಕದಲ್ಲಿ ಯಾವ ಕಾಲದ ಗುಮಾಸ್ತರೋ 8ನ್ನ 3 ಅಂತ ಇಳಿಸಿಬಿಟ್ಟಿದ್ದರು. ಯಜಮಾನರು ಬಿಳಿ ಹಾಳೆಯನ್ನ ನಂಬರಿನ ಮೇಲೆ ಒತ್ತಿಟ್ಟು ಪೆನ್ಸಿಲ್ ಉಜ್ಜಿದರು, ಮಕ್ಕಳು ನಾಣ್ಯದ ಚಿತ್ರ ತೆಗೀತಾರಲ್ಲ ಹಾಗೆ. ನಳಿಗೆ, ಯಂತ್ರ, ಮುಂದಿನ ಮರದ ಕಬ್ಬಿಣ, ಮೂರರಲ್ಲೂ ಒಂದೇ ನಂಬರ್ ಮೂಡಿತು. ಆ ಹಾಳೆಗಳನ್ನೇ ಅರ್ಜಿಗೆ ಲಗತ್ತಿಸಿದೆ. ತಿದ್ದುಪಡಿಗೆ ಆದರೂ ನಾಲ್ಕು ತಿಂಗಳು ಹಿಡೀತು.

ಅಂಗಡಿ ಬಗ್ಗೆ ದೂರು ಇಲ್ಲ ಅಂತಲ್ಲ. ಫೋನ್ ಎತ್ತೋದೇ ಇಲ್ಲ. ಮಂಡಗದ್ದೆ ದಾರಿಯಲ್ಲಿ ಬಸ್ಸಲ್ಲಿ ಕುಲುಕಿಸಿಕೊಂಡು ಹೋದರೆ ಬಾಗಿಲಿಗೆ ಬೀಗ, ಪಕ್ಕದ ಟೈಲರ್ ಹೇಳ್ತಾರೆ "ಮದುವೆಗೆ ಹೋದ್ರು" ಅಂತ. ಹೀಗೆ ಎರಡು ಸಲ. ಜಮಾ ಬಾಡಿಗೆ ಕೋವಿಗೆ ತಿಂಗಳಿಗೆ 300, ಅದಕ್ಕೆ ರಸೀದಿ ಕೇಳಿದರೆ ಕ್ಯಾಲೆಂಡರ್ ಹಿಂದೆ ಬರೆದು ಹರಿದು ಕೊಡ್ತಾರೆ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯೋಳು, ನನಗೆ ಮೈ ಉರಿಯುತ್ತೆ. ಮಾರಿಸಿಕೊಟ್ಟಿದ್ದಕ್ಕೆ ನೂರಕ್ಕೆ ಹತ್ತು ಅಂತ ಮೊದಲೇ ಹೇಳಬೇಕಿತ್ತು, ದುಡ್ಡು ಎಣಿಸುವಾಗ ಹೇಳಿದರು. ಅಂಗಡಿಗೆ ಐದಕ್ಕೆ ನಾಲ್ಕು ಅಂಕ ಕೊಡ್ತೀನಿ, ಆ ಒಂದನ್ನ ಕಳೆದಿದ್ದು ಕ್ಯಾಲೆಂಡರ್ ಚೀಟಿಗೆ.

ಬಿಎಸ್‌ಎ ಹೊಸನಗರದ ಕಡೆಯ ಲೈಸೆನ್ಸ್ ಇದ್ದ ತೋಟದವರೊಬ್ಬರಿಗೆ ಹೇಳಿದ ಬೆಲೆಗೇ ಹೋಯ್ತು. ತಂಗಿಯ ಸಾಲ ತೀರಲಿಲ್ಲ, ಎಂಟು ಕಂತು ಕಟ್ಟಿದ ಹಾಗಾಯ್ತು. ಗ್ರೀನರ್ ನನ್ನ ಹೆಸರಿಗೆ ಆಗಿ ಮನೆಗೆ ಬಂದಿದೆ. ಈ ಸಲ ಆಯುಧಪೂಜೆಗೆ ಕುಂಕುಮವನ್ನ ಮರದ ಹಿಡಿಗಷ್ಟೇ ಇಟ್ಟೆವು, ಅಮ್ಮನಿಗೆ ಅದು ಒಪ್ಪಿಗೆಯಾಗಿಲ್ಲ.

ವಿಂಚೆಸ್ಟರ್ ಇನ್ನೂ ಆ ಬಲ್ಬಿನ ಕೆಳಗೇ ನಿಂತಿದೆ. ಕಳೆದ ತಿಂಗಳು ಯಾರೋ ಬಂದು, ಎರಡು ಸಲ ಲಿವರ್ ಎಳೆದು ನೋಡಿ, ತೋಟಾ ಸಿಗುತ್ತಾ ಅಂತ ಕೇಳಿ ಹೋದರಂತೆ. ಯುಗಾದಿವರೆಗಿನ ಬಾಡಿಗೆ ಕೊಟ್ಟು ಬಂದಿದ್ದೀನಿ.