ಬಿರಡೆ ಇರುವ ಮರದ ಕ್ಯಾಪೊ: ಎರಡನೇ ಫ್ರೆಟ್‌ನಿಂದ ನಾಲ್ಕರವರೆಗೆ ಸೊಗಸು, ಏಳಕ್ಕೆ ಹೋದರೆ ಬೇರೆ ಮಾತು

ಕ್ಯಾಪೊ ಅಂದರೆ ಗಿಟಾರ್ ಕತ್ತಿಗೆ ಅಡ್ಡಲಾಗಿ ಕಟ್ಟಿ, ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮಿ ಶ್ರುತಿ ಏರಿಸುವ ಪಟ್ಟಿ. ಸ್ಪೇನ್‌ನ ಫ್ಲಮೆಂಕೊ ಸಂಗೀತದ ಗಿಟಾರ್‌ಗೆ ಯಾವ ಕ್ಯಾಪೊ ತಗೊಳ್ಳಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ, ಮರದ್ದು ತಗೊಳ್ಳಿ. ಸ್ಪೇನ್‌ನಲ್ಲಿ ಇದಕ್ಕೆ ಸೆಹಿಯಾ ಅನ್ನುತ್ತಾರೆ. ನನ್ನದು ಗ್ರಾನಡಾದಲ್ಲಿ ಕೊಂಡದ್ದು. ಅಲಾಂಬ್ರಾ ಅರಮನೆಗೆ ಹತ್ತುವ ಕ್ವೆಸ್ತಾ ದೆ ಗೊಮೆರೆಸ್ ಬೀದಿಯಲ್ಲಿ ಗಿಟಾರ್ ಮಾಡುವವರ ಅಂಗಡಿಗಳಿವೆಯಲ್ಲ, ಅಲ್ಲಿ. ಬೆಲೆ 25 ಯೂರೋ.

ನೋಡಲು ಏನೂ ಇಲ್ಲ. ಬೆರಳು ದಪ್ಪದ ಬೀಟೆ ಮರದ ಪಟ್ಟಿ, ಅಡಿಯಲ್ಲಿ ಚರ್ಮ, ಮೇಲೆ ಪಿಟೀಲಿನಲ್ಲಿ ಇರುವಂಥದ್ದೇ ಬಿರಡೆ. ಒಂದು ನೈಲಾನ್ ತಂತಿ ಗಿಟಾರ್ ಕತ್ತಿನ ಹಿಂದಿನಿಂದ ಸುತ್ತಿ ಬಂದು ಬಿರಡೆಗೆ ಸೇರುತ್ತದೆ. ಬಿರಡೆ ತಿರುಗಿಸಿದರೆ ಬಿಗಿ. ಸ್ಪ್ರಿಂಗ್ ಕ್ಯಾಪೊ ತನಗೆ ತೋಚಿದಷ್ಟು ಅದುಮುತ್ತದೆ, ಆರೂ ತಂತಿಯ ಶ್ರುತಿ ಚೂರು ಏರಿಬಿಡುತ್ತದೆ. ಇಲ್ಲಿ ಒತ್ತಡ ನಮ್ಮ ಕೈಯಲ್ಲಿದೆ. ತಂತಿ ಗರಗರ ಅನ್ನುವುದು ನಿಂತ ಕೂಡಲೇ ನಿಲ್ಲಿಸಿದರೆ ಶ್ರುತಿ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಪಟ್ಟಿ ಸಣ್ಣದಾದ್ದರಿಂದ ತೋರುಬೆರಳಿಗೂ ಅಡ್ಡ ಬರುವುದಿಲ್ಲ.

ಈಗ ನಾದದ ವಿಷಯ. ನನ್ನದು ಸೈಪ್ರೆಸ್ ಮರದ ಗಿಟಾರ್, ತಂತಿಯ ಉದ್ದ 650 ಮಿ.ಮೀ. ಎರಡನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆಗಳೇ ಫ್ರೆಟ್) ಕಟ್ಟಿದರೆ 579, ನಾಲ್ಕಕ್ಕೆ 516, ಏಳಕ್ಕೆ 434 ಉಳಿಯುತ್ತದೆ. ತಂತಿ ಗಿಡ್ಡವಾಗುತ್ತದೆ, ಆದರೆ ಮರದ ಪೆಟ್ಟಿಗೆ ಅದೇ. ಅದರೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಇರುತ್ತದೆ. ಗಿಟಾರ್‌ನ ತೂತಿನ ಹತ್ತಿರ ಬಾಯಿ ಇಟ್ಟು ತಗ್ಗು ಸ್ವರದಿಂದ ಮೇಲಕ್ಕೆ ಗುನುಗಿ ನೋಡಿ, ಒಂದು ಕಡೆ ಪೆಟ್ಟಿಗೆಯೇ ಗುಂಯ್ ಅನ್ನುತ್ತದೆ. ನನ್ನದರಲ್ಲಿ ಅದು ಜಿ ಸ್ವರದ ಆಸುಪಾಸು, ಅಂದರೆ 98 ಹರ್ಟ್ಸ್ ಹತ್ತಿರ. ಕ್ಯಾಪೊ ಇಲ್ಲದಾಗ ಆರನೇ ತಂತಿ 82 ಹರ್ಟ್ಸ್, ಮೂರನೇ ಫ್ರೆಟ್‌ಗೆ ಕಟ್ಟಿದರೆ ಸರಿಯಾಗಿ ಆ ಜಿ. ಆಗ ಆರನೇ ತಂತಿ ದಪ್ಪಗೆ ಎದ್ದು ಬರುತ್ತದೆ, ಆದರೆ ಬೇಗ ಆರಿಹೋಗುತ್ತದೆ. ಎರಡನೇ ಫ್ರೆಟ್‌ನಲ್ಲಿ ಎಲ್ಲವೂ ಸಮವಾಗಿ ಕೇಳುತ್ತದೆ, ನನಗೆ ಅದೇ ಇಷ್ಟ. ನಾಲ್ಕರಲ್ಲಿ ಒಣ, ಚುರುಕು ನಾದ, ಬುಲೆರಿಯಾಸ್ ಎಂಬ ವೇಗದ ಫ್ಲಮೆಂಕೊ ಪ್ರಕಾರಕ್ಕೆ ಹೇಳಿ ಮಾಡಿಸಿದ್ದು. ಏಳರಲ್ಲಿ ತಗ್ಗು ಸ್ವರ ಅನ್ನುವುದೇ ಇಲ್ಲ, ಬರೀ ಟಣಟಣ. ಅದು ಬೇಕೆಂದೇ ಕಟ್ಟುವವರೂ ಇದ್ದಾರೆ, ಅದು ಬೇರೆ.

ಹಾಡುಗಾರರ ಜೊತೆ ಕೂತಾಗ ಇದರ ಮಜಾ ಗೊತ್ತಾಗುತ್ತದೆ. ನಮ್ಮಲ್ಲಿ ಗಾಯಕಿ ‘ಐದೂವರೆ ಶ್ರುತಿ’ ಅಂದ ಹಾಗೆ ಅಲ್ಲಿ ‘ಮೂರರಲ್ಲಿ ಪೊರ್ ಮೆದಿಯೊ’ ಅನ್ನುತ್ತಾರೆ. ಮೂರು ಅಂದರೆ ಕ್ಯಾಪೊ ಕಟ್ಟುವ ಫ್ರೆಟ್, ಪೊರ್ ಮೆದಿಯೊ ಅಂದರೆ ಎ ಆಕಾರ, ಅಂದರೆ ಎ ಕಾರ್ಡ್‌ಗೆ ಎಡಗೈ ಬೆರಳು ಇಡುವ ರೀತಿ. ಇ ಆಕಾರಕ್ಕೆ ಪೊರ್ ಅರ್ರೀಬಾ. ಒಂದು ಪ್ರಯೋಗ ಮಾಡಿ. ಕ್ಯಾಪೊ ತೆಗೆದು ಎ ಆಕಾರದಲ್ಲಿ ನುಡಿಸಿ. ಆಮೇಲೆ ಐದಕ್ಕೆ ಕಟ್ಟಿ ಇ ಆಕಾರದಲ್ಲಿ ನುಡಿಸಿ. ಎರಡೂ ಒಂದೇ ಶ್ರುತಿ, ಹಾಡುವವರಿಗೆ ಏನೂ ವ್ಯತ್ಯಾಸವಿಲ್ಲ. ಕೇಳಲು ಮಾತ್ರ ಎರಡು ಬೇರೆ ಗಿಟಾರ್! ಮೊದಲನೆಯದರಲ್ಲಿ ಐದನೇ ತಂತಿ ಪೂರ್ತಿ ಉದ್ದಕ್ಕೆ ಮಿಡಿಯುತ್ತದೆ, ಅದರ ಕೆಳಗೆ ಆರನೆಯದು ಇನ್ನೂ ಬಾಕಿ ಇರುತ್ತದೆ. ಎರಡನೆಯದರಲ್ಲಿ ಆ ತಳವೇ ಇಲ್ಲ, ಆದರೆ ರಸ್ಗೇಯಾದೊ (ಬೆರಳುಗಳನ್ನು ಒಂದರ ಹಿಂದೊಂದು ಬಿಡಿಸಿ ತಂತಿಗಳ ಮೇಲೆ ಬೀಸುವುದು) ಹೊಡೆದರೆ ಚಪ್ಪಾಳೆಯ ನಡುವೆಯೂ ಸ್ಪಷ್ಟ. ಒಬ್ಬರೇ ಕೂತು ತಾರಾಂತಾ ಎಂಬ ಫ್ಲಮೆಂಕೊ ಪ್ರಕಾರ ನುಡಿಸುವುದಾದರೆ ಕ್ಯಾಪೊ ತೆಗೆದಿಡಿ. ಅದರ ಸೊಗಸೆಲ್ಲ ಖಾಲಿ ತಂತಿಗಳ ಘರ್ಷಣೆಯಲ್ಲಿ, ಅದು ಪೂರ್ತಿ ಉದ್ದದಲ್ಲೇ ಚೆಂದ.

ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಕ್ಯಾಪೊ ಮೇಲೆ ಹೋದಂತೆ ಬಲಗೈಯೂ ಬ್ರಿಡ್ಜ್ (ಪೆಟ್ಟಿಗೆಯ ಮೇಲೆ ತಂತಿಗಳನ್ನು ಕಟ್ಟಿರುವ ಪಟ್ಟಿ) ಕಡೆ ಸ್ವಲ್ಪ ಸರಿಯಬೇಕು. ತಂತಿ ಗಿಡ್ಡವಾದಾಗ ಅದರ ನಡುಭಾಗ ಬ್ರಿಡ್ಜ್ ಹತ್ತಿರ ಬರುತ್ತದೆ. ಕೈ ಇದ್ದಲ್ಲೇ ಇದ್ದರೆ ನಾದ ಮೆತ್ತಗಾಗುತ್ತದೆ. ಕ್ಯಾಪೊ ಸರಿಯಿಲ್ಲ ಅಂತ ಸುಮ್ನೆ ಬೈಯುವುದಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಿ.

ಕೊರತೆಗಳೂ ಇವೆ. ಜಾಗ ಬದಲಿಸಲು ಎರಡೂ ಕೈ ಬೇಕು, ಹಾಡಿನ ನಡುವೆ ಆಗದ ಮಾತು. ಮಳೆಗಾಲದಲ್ಲಿ ಬಿರಡೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಜಾರಿದರೆ ಪಿಟೀಲಿನವರ ಹಾಗೆ ಚೂರು ಸೀಮೆಸುಣ್ಣ ಹಚ್ಚಿ. ನೈಲಾನ್ ತಂತಿ ಕತ್ತಿನ ಪಾಲಿಶ್ ಮೇಲೆ ಗೀರು ಹಾಕುತ್ತದೆ, ಹಿಂದೆ ಒಂದು ಚರ್ಮದ ತುಂಡು ಇಡಲೇಬೇಕು. ನನಗೆ ಅಂಗಡಿಯವರು ಅದನ್ನು ಕೊಡಲಿಲ್ಲ, ನೀವು ಕೇಳಿ ತಗೊಳ್ಳಿ. ಪಟ್ಟಿಯ ಅಡಿಯ ಚರ್ಮವನ್ನೂ ಒತ್ತಿ ನೋಡಿ, ತೀರಾ ಮೆತ್ತಗಿದ್ದರೆ ನಾದ ಮಂಕಾಗುತ್ತದೆ.

ಉಕ್ಕಿನ ತಂತಿಯ ಗಿಟಾರ್ ಇರುವವರಿಗೆ ಇದು ಬೇಡ. ಅವುಗಳ ಫ್ರೆಟ್‌ಬೋರ್ಡ್ ಸಾಮಾನ್ಯವಾಗಿ ಉಬ್ಬಿರುತ್ತದೆ, ಈ ಪಟ್ಟಿ ನೇರ. ಅಂಚಿನ ತಂತಿಗಳು ಸರಿಯಾಗಿ ಕೂರುವುದಿಲ್ಲ.