ಎರಿಥ್ರಿಟಾಲ್ 14 ತಿಂಗಳು ಬಳಸಿದ ಮೇಲೆ: ಶ್ರೀಖಂಡಕ್ಕೆ ಸೈ, ಕುಂದಾಕ್ಕೆ ಬೇಡ

ಮೊದಲು ಸಿಟ್ಟು ಬಂದ ವಿಷಯ ಹೇಳಿಬಿಡುತ್ತೇನೆ. ಸಕ್ಕರೆ ಬದಲು ಸಿಹಿಗೆ ಹಾಕುವ ಈ ಎರಿಥ್ರಿಟಾಲ್ ಪುಡಿ ಫ್ರಿಜ್‌ನಲ್ಲಿ ಮತ್ತೆ ಹರಳು ಕಟ್ಟುತ್ತದೆ. ರಾತ್ರಿ ಬೆಣ್ಣೆಯಂತಿದ್ದ ಶ್ರೀಖಂಡ ಬೆಳಿಗ್ಗೆ ಹಲ್ಲಿಗೆ ಕರಕರ ಅನ್ನುತ್ತದೆ. ಮೊದಲ ಸಲ ಮಾಡಿದ್ದು ಯುಗಾದಿಗೆ, ಸಕ್ಕರೆ ಕಾಯಿಲೆ ಇರುವ ಮಾವನವರಿಗಾಗಿ. ಒಂದು ಚಮಚ ಬಾಯಿಗಿಟ್ಟು, "ಇದರಾಗ ಉಸುಕು ಬಿದ್ದೈತೇನವ್ವಾ?" ಅಂದರು. ಬಹಳ ಬೇಜಾರಾಯಿತು.

ಕಿಲೋಗೆ 600 ರೂಪಾಯಿ ಹತ್ತಿರ ಕೊಟ್ಟಿದ್ದೆ. ಸಿಹಿ ನೋಡಿದರೆ ಸಕ್ಕರೆಯ ನೂರಕ್ಕೆ 60–70 ಪಾಲು ಅಷ್ಟೇ. ಹಾಗಾಗಿ ನಾನು ಜಾಸ್ತಿ ಸುರಿಯುತ್ತಿದ್ದೆ, ಸುರಿದಷ್ಟೂ ಹರಳು ಜಾಸ್ತಿ. ತಣ್ಣಗಿರುವಾಗ ಇದು ಸಕ್ಕರೆಯಷ್ಟು ಕರಗುವುದಿಲ್ಲ, ಚಕ್ಕಾದಲ್ಲಿ, ಅಂದರೆ ನೀರು ಬಸಿದ ಗಟ್ಟಿ ಮೊಸರಿನಲ್ಲಿ, ಮೊದಲೇ ನೀರು ಕಡಿಮೆ. ಇಷ್ಟು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಪ್ಯಾಕೆಟ್ ಮೇಲೆ ಒಂದು ಸಾಲು ಹಾಕಬಹುದಿತ್ತು ಅಲ್ವಾ?

ಈಗ ನನ್ನ ಕ್ರಮ ಬೇರೆ. ಶನಿವಾರ ರಾತ್ರಿ ಒಂದು ಲೀಟರ್ ಎಮ್ಮೆ ಹಾಲಿನ ಮೊಸರನ್ನು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಅಡುಗೆಮನೆ ನಲ್ಲಿಗೆ ತೂಗುಹಾಕುತ್ತೇನೆ. ಹನಿ ಬೀಳುವ ಸದ್ದು ಕೇಳುತ್ತಲೇ ಮಲಗುವುದು ನನಗೆ ರೂಢಿಯಾಗಿದೆ. ಆ ನೀರಿನ ಜೊತೆ ಹಾಲಿನ ಸಕ್ಕರೆಯೂ ಬಹಳಷ್ಟು ಇಳಿದು ಹೋಗುತ್ತದೆ, ಚಕ್ಕಾದಲ್ಲಿ ಕಾರ್ಬ್ (ಸಕ್ಕರೆ, ಪಿಷ್ಟದ ಅಂಶ) ಕಡಿಮೆ ಇರುವುದು ಅದಕ್ಕೇ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಫ್ರಿಜ್ ಒಳಗೆ ಜರಡಿ ಮೇಲೆ ಇಡಬೇಕು, ಇಲ್ಲವಾದರೆ ಹುಳಿ ಏರುತ್ತದೆ.

ಬೆಳಿಗ್ಗೆ ಎರಿಥ್ರಿಟಾಲ್ ಅನ್ನು ಮಿಕ್ಸರ್‌ನಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿ, ಎರಡು ಚಮಚ ಬೆಚ್ಚಗಿನ ಕೆನೆಯಲ್ಲಿ ಕಲಸುತ್ತೇನೆ. ಮೊದಲು ಹಾಕುತ್ತಿದ್ದುದರ ಅರ್ಧ ಸಾಕು. ಉಳಿದ ಸಿಹಿಗೆ ಸ್ಟೀವಿಯಾ (ಸಿಹಿ ಎಲೆಯ ಸಾರ) ಎರಡು ಹನಿ, ಮೂರನೆಯದು ಬಿದ್ದರೆ ಕಹಿ. ಆಮೇಲೆ ಅತ್ತೆಯವರ ಹಿತ್ತಾಳೆಯ ಪುರಣ ಯಂತ್ರದಲ್ಲಿ ಹಾಕಿ ತಿರುವುತ್ತೇನೆ. ಎಳೆ ಎಳೆಯಾಗಿ ಚಕ್ಕಾ ಕೆಳಗೆ ಇಳಿಯುವಾಗ ಕೈ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ಏಲಕ್ಕಿ, ಚೂರು ಜಾಜಿಕಾಯಿ. ಅದೇ ದಿನ ಖಾಲಿ ಮಾಡಬೇಕು, ನಾಳೆಗೆ ಇಡಬೇಡಿ.

ನಾನು ನಿರೀಕ್ಷೆ ಮಾಡದೆ ಇದ್ದ ಖುಷಿ ಒಂದಿದೆ. ಎರಿಥ್ರಿಟಾಲ್ ಕರಗುವಾಗ ಶಾಖ ಹೀರುತ್ತದೆ, ನಾಲಿಗೆಗೆ ತಂಪು ತಾಗುತ್ತದೆ. ಏಲಕ್ಕಿ ಜೊತೆ ಆ ತಂಪು ಶ್ರೀಖಂಡಕ್ಕೆ ಎಷ್ಟು ಒಪ್ಪುತ್ತದೆ ಅಂದರೆ, ಈಗ ಸಕ್ಕರೆಯ ಶ್ರೀಖಂಡ ನನಗೆ ಸಪ್ಪೆ ಅನ್ನಿಸುತ್ತದೆ.

ಹಾಲು ಬತ್ತಿಸಿ ಮಾಡುವ ಕುಂದಾವನ್ನು ಇದರಲ್ಲಿ ಎರಡು ಸಲ ಮಾಡಿ ನೋಡಿ ಕೈಬಿಟ್ಟೆ. ಬೆಳಗಾವಿಯಲ್ಲಿ ಇದ್ದುಕೊಂಡು ಕುಂದಾ ಬಿಡುವುದು ಕಷ್ಟ, ಆದರೆ ಇದು ಸಕ್ಕರೆಯ ಹಾಗೆ ಕೆಂಪಾಗುವುದಿಲ್ಲ, ಆ ಸುಟ್ಟ ಪರಿಮಳವೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಒಂದು ಲೀಟರ್ ಹಾಲಿನಲ್ಲೇ ಸುಮಾರು 50 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ಹಾಲು ಬತ್ತಿದರೂ ಅದು ಬತ್ತುವುದಿಲ್ಲ. ಸಕ್ಕರೆ ಹಾಕಿಲ್ಲ ಅಂತ ಬಟ್ಟಲು ತುಂಬಾ ತಿನ್ನುವ ಹಾಗಿಲ್ಲ.

ಇನ್ನೊಂದು. ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂತು ಅಂತ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಿತ್ತು. ಇದರಿಂದಲೇ ಆಯಿತು ಅಂತ ಅದು ಸಾಬೀತು ಮಾಡಿಲ್ಲ, ಆದರೂ ಓದಿ ಹೆದರಿಕೆ ಆಯಿತು. ಮಾವನವರ ಡಾಕ್ಟರನ್ನು ಕೇಳಿಯೇ ಮುಂದುವರಿಸಿದೆ. ಭಾನುವಾರ ಮಾತ್ರ, ಒಂದೇ ಸಣ್ಣ ಬಟ್ಟಲು, ಪೂರಿ ಇಲ್ಲ.

ಮಳೆಗಾಲದಲ್ಲಿ ನಮ್ಮ ಸಕ್ಕರೆ ಡಬ್ಬಿ ಬೆವರುತ್ತದೆ, ಇದು ಉದುರುದುರಾಗಿಯೇ ಇತ್ತು. ಮುಗಿದರೆ ಮತ್ತೆ ತರಿಸುತ್ತೇನೆ, ಆದರೆ ಅರ್ಧ ಕಿಲೋದ್ದು. ವಾರಕ್ಕೊಮ್ಮೆ ಮಾಡುವವರಿಗೆ ಅಷ್ಟು ಸಾಕು.