ಇಂಕ್ ಕಟ್ಟಿದ ಪ್ರಿಂಟರ್ ಹೆಡ್ ಸತ್ತಿರಲಿಲ್ಲ, ಕೊಂದದ್ದು ನಾವು

ಕಾರವಾರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಐದಡಿ ಅಗಲದ ಎಕೋ ಸಾಲ್ವೆಂಟ್ ಮೆಷಿನ್ (ನೀರಿನ ಬದಲು ಸಾಲ್ವೆಂಟಿನ ಇಂಕ್ ಹಾಕುವ ಪ್ರಿಂಟರ್) ಒಂದು, ಕೆಲಸಕ್ಕೊಬ್ಬ ಹುಡುಗ, ನಾನು. ಅಂಗಡಿ ಬೋರ್ಡು, ಗಾಡಿ ಸ್ಟಿಕ್ಕರು, ಯಕ್ಷಗಾನದ ಬ್ಯಾನರು ಅಂತ ಹೇಗೋ ನಡೆಯುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಬೈತಖೋಲ ಬಂದರಿನ ಕೆಲವು ಬೋಟಿನವರು ನನ್ನ ಹತ್ತಿರ ಹೆಸರಿನ ಸ್ಟಿಕ್ಕರ್ ಮಾಡಿಸುತ್ತಾರೆ. ಆಗಸ್ಟ್ ಒಂದಕ್ಕೆ ಬೋಟು ಹೊರಡಬೇಕು. ಹಾಗಾಗಿ ಜುಲೈಯಲ್ಲಿ ಮೆಷಿನ್ ಕೈಕೊಡಬಾರದು. 2024ರ ಜುಲೈಯಲ್ಲೇ ಕೈಕೊಟ್ಟಿತು.

ಕೈಕೊಟ್ಟಿತು ಅನ್ನುವುದು ಸುಳ್ಳು ಬಿಡಿ. ಹಾಳು ಮಾಡಿದ್ದು ನಾವೇ. ನನ್ನಂಥ ಅಂಗಡಿಯವರು ಘಟ್ಟದ ಮೇಲೂ ಕೆಳಗೂ ಬೇಕಾದಷ್ಟು ಜನ ಇದ್ದೀರಿ, ನಿಮಗೆ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಜುಲೈ 14, ಭಾನುವಾರ. ಅಜ್ಜನ ತಿಥಿಗೆ ಶಿರಸಿಗೆ ಹೋದೆ. ಮಂಗಳವಾರ ವಾಪಸ್ ಬರುವ ಲೆಕ್ಕ. ಆ ಮಂಗಳವಾರ ಬೆಳಿಗ್ಗೆಯೇ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಲ್ಲಿ ಜೀವ ಕಳೆದುಕೊಂಡವರ ಮುಂದೆ ನನ್ನ ಪ್ರಿಂಟರಿನದು ಯಾವ ಲೆಕ್ಕದ ಕಥೆಯೂ ಅಲ್ಲ. ಮಳೆ ನಿಲ್ಲಲಿಲ್ಲ, ಆಯಿ ಹೊರಡಲು ಬಿಡಲಿಲ್ಲ. ಕೊನೆಗೆ ಯಲ್ಲಾಪುರದ ಕಡೆಯಿಂದ ಸುತ್ತಿ ಶುಕ್ರವಾರ ಊರು ಸೇರಿದೆ.

ಅಂಗಡಿ ಬಾಗಿಲು ತೆಗೆದರೆ, ಇಂಕ್ ಹಾರಿಸುವ ಹೆಡ್ ಮೆಷಿನ್ನಿನ ಮಧ್ಯದಲ್ಲಿ ನಿಂತಿದೆ! ಬಲತುದಿಯಲ್ಲಿ ಮುಚ್ಚಳದಂಥ ಕ್ಯಾಪಿನ ಮೇಲೆ ಕೂತಿರಬೇಕಾದದ್ದು, ಅರ್ಧ ಪ್ರಿಂಟಾದ ವಿನೈಲ್ ಮೇಲೆ ಹಾಗೇ ತೂಗಿಕೊಂಡಿದೆ. ಹುಡುಗನನ್ನು ಕರೆದು ಕೇಳಿದೆ. "ಅಣ್ಣ, ಭಾನುವಾರ ಸಂಜೆ ಪ್ರಿಂಟ್ ಹೊಡೀತಾ ಇರುವಾಗ ಕರೆಂಟ್ ಹೋಯ್ತು. ಸಿಡಿಲು ಬೇರೆ. ಹೆದರಿ ಮೇನ್ ಆಫ್ ಮಾಡಿ ಮನೆಗೆ ಹೋದೆ. ಆಮೇಲೆ ಮಳೆಗೆ ಬರಲಿಕ್ಕೇ ಆಗ್ಲಿಲ್ಲ." ಅವನಿಗೆ ಬೈದು ಏನು ಮಾಡುವುದು? ಕರೆಂಟ್ ಹೋದರೆ ಹೆಡ್ ಎಲ್ಲಿರಬೇಕು ಅಂತ ನಾನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಈ ಕೆಲಸಕ್ಕೆ ಹೊಸಬರಿದ್ದರೆ ಒಂದು ಮಾತು. ನನ್ನದು ಎಕ್ಸ್‌ಪಿ 600 ಹೆಡ್. ಆರು ಸಾಲು, ಸಾಲಿಗೆ 180 ರಂಧ್ರ, ಒಟ್ಟು 1080. ಒಂದೊಂದು ರಂಧ್ರವೂ ತಲೆಕೂದಲಿಗಿಂತ ಸಣ್ಣದು. ಮನೆಯ ಸಣ್ಣ ಪ್ರಿಂಟರಿನ ಕೆಲವು ಕಾರ್ಟ್ರಿಜ್‌ಗಳಲ್ಲಿ ಹೆಡ್ಡೂ ಸೇರಿಯೇ ಬರುತ್ತದೆ, ಕಟ್ಟಿದರೆ ಎಸೆದು ಹೊಸದು ಹಾಕಬಹುದು. ನಮ್ಮದರಲ್ಲಿ ಹೆಡ್ ಮೆಷಿನ್ನಿನದೇ ಭಾಗ. ಕೆಲಸ ಇಲ್ಲದಾಗ ರಬ್ಬರ್ ಅಂಚಿನ ಕ್ಯಾಪಿನ ಮೇಲೆ ಅದು ಗಾಳಿಯಾಡದ ಹಾಗೆ ಕೂರಬೇಕು. ಇಲ್ಲದಿದ್ದರೆ ರಂಧ್ರದ ಬಾಯಲ್ಲೇ ಇಂಕ್ ಒಣಗುತ್ತದೆ. ಮಳೆಗಾಲ, ಗಾಳಿಯಲ್ಲೆಲ್ಲ ನೀರೇ ಇದೆ, ಒಣಗುವುದು ಹೇಗೆ ಅಂತ ನಾನೂ ಅಂದುಕೊಂಡಿದ್ದೆ. ಎಕೋ ಸಾಲ್ವೆಂಟ್ ಇಂಕಿನಲ್ಲಿ ಆರುವುದು ನೀರಲ್ಲ, ಸಾಲ್ವೆಂಟ್. ಐದು ದಿನ ಬಾಯಿ ತೆರೆದಿಟ್ಟರೆ ಕಾರವಾರದ ಮಳೆಯಲ್ಲೂ ಕಟ್ಟುತ್ತದೆ.

ನಾಝಲ್ ಚೆಕ್ ಹೊಡೆದೆ, ಅಂದರೆ ಎಲ್ಲ ರಂಧ್ರದಿಂದಲೂ ಇಂಕ್ ಬರುತ್ತದಾ ಅಂತ ನೋಡುವ ಗೆರೆಗಳ ಪ್ರಿಂಟ್. ಕಪ್ಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀಲಿ ಅಲ್ಲಲ್ಲಿ. ಹಳದಿ ಅರ್ಧ. ಕೆಂಪು ಮಾತ್ರ ಸುಮಾರಾಗಿತ್ತು. ಆಗ ಸುಮ್ನೆ ಕೂತಿದ್ದರೆ ಸಾಕಿತ್ತು. ನಾನು ಕೂರಲಿಲ್ಲ. ಪಂಪಿನಿಂದ ಇಂಕ್ ಎಳೆದು ರಂಧ್ರ ಬಿಡಿಸುವ ಸ್ಟ್ರಾಂಗ್ ಕ್ಲೀನಿಂಗ್ ಕೊಟ್ಟೆ, ಮತ್ತೆ ಕೊಟ್ಟೆ, ಒಂದರ ಹಿಂದೊಂದು ಎಂಟು ಸಲ. ಒಂದೊಂದು ಸಲಕ್ಕೂ ನಾಝಲ್ ಚೆಕ್ ಇನ್ನಷ್ಟು ಕೆಟ್ಟಿತು. ಯಾಕೆಂದು ಗೊತ್ತಾದದ್ದು ಆಮೇಲೆ. ಕ್ಯಾಪಿನ ಅಂಚಿನಲ್ಲಿ ಹಳೆ ಇಂಕು ಗಟ್ಟಿಯಾಗಿ ಕೂತಿತ್ತು, ಹೆಡ್ ಅದರ ಮೇಲೆ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಪಂಪು ಇಂಕಿನ ಬದಲು ಗಾಳಿ ಎಳೆಯುತ್ತಿತ್ತು. ಚೆನ್ನಾಗಿದ್ದ ಕೆಂಪಿನ ಡ್ಯಾಂಪರಿಗೂ, ಅಂದರೆ ಹೆಡ್ಡಿಗೆ ಇಂಕ್ ಕೊಡುವ ಪುಟ್ಟ ಡಬ್ಬಿಗೂ, ಗಾಳಿ ಹೊಕ್ಕಿತು.

ಮಂಗಳೂರಿನ ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡಿದೆ. "ಏನೂ ಮಾಡಬೇಡಿ ಮಾರಾಯ್ರೆ" ಅಂದರು. "ಮೊದಲು ಕ್ಯಾಪಿನ ಅಂಚು ಒರೆಸಿ. ಕ್ಯಾಪಿನ ತುಂಬ ಕ್ಲೀನಿಂಗ್ ಸೊಲ್ಯೂಷನ್ ಹಾಕಿ ಹೆಡ್ ಅದರ ಮೇಲೆ ಕೂರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಂದೇ ಒಂದು ಸಲ ಕ್ಲೀನಿಂಗ್ ಕೊಡಿ. ಬರದಿದ್ದರೆ ಇನ್ನೊಂದು ರಾತ್ರಿ. ಬರ್ತದೆ. ರಸ್ತೆ ಬಿಟ್ಟ ಕೂಡಲೇ ನಾನೇ ಬರ್ತೇನೆ."

ಎಷ್ಟು ಸುಲಭ ಅಲ್ವಾ? ಆದರೆ ಅಂಗಡಿಯಲ್ಲಿ ಸೊಲ್ಯೂಷನ್ ಇರಲಿಲ್ಲ. ಬಾಟಲಿ ಮುಗಿದು ಎರಡು ತಿಂಗಳಾಗಿತ್ತು. ಇಂಕ್ ತರಿಸುವಾಗ ಜೊತೆಗೆ ತರಿಸಿದರಾಯಿತು ಅಂತ ಮುಂದೂಡುತ್ತ ಬಂದಿದ್ದೆ. ಹುಬ್ಬಳ್ಳಿಯಿಂದ ಬರಲು ಎರಡು ದಿನ ಅಂದರು. ಎರಡು ದಿನ ಕಾಯುವ ತಾಳ್ಮೆ ನನಗೆ ಇರಲಿಲ್ಲ. ಬೋಟಿನವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು.

ಅಷ್ಟರಲ್ಲಿ ಪರಿಚಯದವರು ಒಬ್ಬರನ್ನು ಕಳಿಸಿದರು. ಜೆರಾಕ್ಸ್ ಮೆಷಿನ್ನಿಂದ ಹಿಡಿದು ಎಲ್ಲ ರಿಪೇರಿ ಮಾಡುತ್ತಾರಂತೆ. ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದರು, ಒಳಗೆ ಬಣ್ಣವಿಲ್ಲದ ದ್ರವ. ಲೇಬಲ್ ಇಲ್ಲ. ಏನಿದು ಅಂದೆ. "ಎಲ್ಲದಕ್ಕೂ ಆಗ್ತದೆ ಸಾರ್, ಪವರ್‌ಫುಲ್" ಅಂದರು. ಬಣ್ಣದಂಗಡಿಯ ಥಿನ್ನರಿನ ವಾಸನೆ ಘಮ್ಮೆಂದು ಬಂತು. ನನ್ನ ಮೂಗು ಹೇಳಿದ್ದನ್ನು ನಾನು ಕೇಳಬೇಕಿತ್ತು.

ಮುಂದಿನ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಡ್ಯಾಂಪರ್ ಬಿಚ್ಚಿ, ಹೆಡ್ಡಿನ ಮೂತಿಗೆ ಪೈಪು ಸಿಕ್ಕಿಸಿ, 20 ಎಂಎಲ್ ಸಿರಿಂಜಿನಲ್ಲಿ ಆ ದ್ರವ ತುಂಬಿ ಹೆಬ್ಬೆರಳಿನಿಂದ ಒತ್ತಿದರು. ಹೋಗಲಿಲ್ಲ. ಇನ್ನೂ ಒತ್ತಿದರು. 'ಟಕ್' ಅಂತ ಏನೋ ಬಿಟ್ಟ ಹಾಗಾಗಿ ದ್ರವ ಸರ್ರನೆ ಇಳಿಯಿತು. "ನೋಡಿ ಸಾರ್, ಓಪನ್ ಆಯ್ತು" ಅಂತ ನಕ್ಕರು. ನಾನೂ ನಕ್ಕೆ, ದಡ್ಡ. ಮೆಷಿನ್ನಿನ ಪ್ಲಗ್ ತೆಗೆದಿರಲಿಲ್ಲ. ಹೆಡ್ಡಿನ ಮೇಲೆ ಫ್ಲಾಟ್ ಕೇಬಲ್ ಸಿಗುವ ಜಾಗಕ್ಕೆ ಎರಡು ಹನಿ ಬಿದ್ದದ್ದನ್ನು ನಾನು ನೋಡಿದ್ದೆ. ಅವರು ಕರವಸ್ತ್ರದಲ್ಲಿ ಒರೆಸಿದರು. ಸ್ವಿಚ್ ಹಾಕಿದಾಗ ಸುಟ್ಟ ವಾಸನೆ ಬಂತು. ಹೆಡ್ ಹೊತ್ತು ಓಡಾಡುವ ಕ್ಯಾರೇಜ್ ಅಲುಗಲೇ ಇಲ್ಲ.

"ಬೋರ್ಡು ಮೊದಲೇ ವೀಕ್ ಇತ್ತು ಸಾರ್" ಅಂತ ಹೇಳಿ 1500 ರೂಪಾಯಿ ತೆಗೆದುಕೊಂಡು ಹೋದರು. ಕೊಟ್ಟೆ ಕೂಡ!

ಇಂಜಿನಿಯರ್ ಬಂದದ್ದು ಜುಲೈ 28ಕ್ಕೆ. ರಸ್ತೆಗೆ ಕಾದು ಬೇಸತ್ತು ರೈಲಿನಲ್ಲೇ ಬಂದು ಶಿರವಾಡದ ಕಾರವಾರ ಸ್ಟೇಷನ್ನಿನಲ್ಲಿ ಇಳಿದರು. ಹೆಡ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಡ್ಡಿನೊಳಗೆ ತೆಳುವಾದ ಪದರಗಳನ್ನು ಅಂಟಿಸಿರುತ್ತಾರೆ. ಕರೆಂಟ್ ಕೊಟ್ಟಾಗ ಪೀಜೋ ಹರಳು ಬಾಗಿ ಆ ಪದರವನ್ನು ತಳ್ಳುತ್ತದೆ, ಹನಿ ಹಾರುತ್ತದೆ. ಥಿನ್ನರು ಆ ಅಂಟನ್ನೇ ಸಡಿಲ ಮಾಡುತ್ತದೆ, ಹೆಬ್ಬೆರಳಿನ ಒತ್ತಡಕ್ಕೆ ಪದರ ಬಿಡುತ್ತದೆ. 'ಟಕ್' ಅಂದದ್ದು ಅದೇ. ಅವರು ಒಂದು ಬಣ್ಣದ ಮೂತಿಗೆ ಸೊಲ್ಯೂಷನ್ ಬಿಟ್ಟರೆ ಪಕ್ಕದ ಬಣ್ಣದ ಸಾಲಿನಲ್ಲೂ ಇಳಿಯಿತು. ಕೇಬಲ್ಲಿಗೆ ಬಿದ್ದ ಹನಿಯಿಂದ ಶಾರ್ಟ್ ಆಗಿ ಮೇನ್‌ಬೋರ್ಡಿನ ಫ್ಯೂಸೂ ಅದರ ಪಕ್ಕದ ಭಾಗಗಳೂ ಹೋಗಿದ್ದವು. "ಕಟ್ಟಿದ್ದು ಮಾತ್ರ ಆಗಿದ್ರೆ ಎರಡು ದಿನದಲ್ಲಿ ಬರ್ತಿತ್ತು ಸಾರ್" ಅಂದರು. ಹೊಸ ಹೆಡ್ಡಿಗೆ 24 ಸಾವಿರ, ಬೋರ್ಡಿಗೆ 9 ಸಾವಿರ, ಡ್ಯಾಂಪರು, ಕ್ಯಾಪು, ಅವರ ಖರ್ಚು ಬೇರೆ. ಬೋಟಿನವರು ಮಡಗಾಂವಿಗೆ ಹೋಗಿ ಸ್ಟಿಕ್ಕರ್ ಮಾಡಿಸಿಕೊಂಡರು.

ಸಿರಿಂಜ್ ಮುಟ್ಟಲೇಬಾರದು ಅಂತಲ್ಲ. ಒತ್ತುವುದಕ್ಕಿಂತ ಕೆಳಗಿನ ಕ್ಯಾಪಿನ ಕಡೆಯಿಂದ ಮೆಲ್ಲಗೆ ಎಳೆಯುವುದು ಒಳ್ಳೆಯದು ಅಂತ ಇಂಜಿನಿಯರ್ ತೋರಿಸಿದರು. ಅದೂ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಕೇಬಲ್ ಸಿಗುವ ಜಾಗಕ್ಕೆ ಪ್ಲಾಸ್ಟಿಕ್ ಸುತ್ತಿದ ಮೇಲೆ. ದ್ರವ ಮಾತ್ರ ನಿಮ್ಮ ಇಂಕಿಗೆ ಹೊಂದುವುದೇ ಆಗಬೇಕು. ಎಕೋ ಸಾಲ್ವೆಂಟಿಗೆ ನೀರು ತಾಗಿಸಿದರೆ ಇಂಕು ಒಡೆದ ಹಾಲಿನ ಹಾಗೆ ಗಂಟಾಗುತ್ತದೆ. ನೀರಿನ ಇಂಕಿನ ಮೆಷಿನ್ ಇದ್ದವರಿಗೆ ಅದರದೇ ಸೊಲ್ಯೂಷನ್ ಬೇರೆ ಇದೆ.

ಈಗ ಸಂಜೆ ಹತ್ತು ನಿಮಿಷ ಇದಕ್ಕೇ ಹೋಗುತ್ತದೆ. ಸ್ಪಂಜಿನ ಕಡ್ಡಿಗೆ ಸೊಲ್ಯೂಷನ್ ಅದ್ದಿ ಕ್ಯಾಪಿನ ಅಂಚು, ಹೆಡ್ಡಿನ ಮುಖ ಒರೆಸುವ ವೈಪರಿನ ಎರಡೂ ಬದಿ ಒರೆಸುತ್ತೇವೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಬೇಡ, ಅದರ ಎಳೆ ಹೋಗಿ ರಂಧ್ರಕ್ಕೇ ಸಿಕ್ಕಿಕೊಳ್ಳುತ್ತದೆ. ಹೆಡ್ಡಿನ ಮುಖವನ್ನು ಉಜ್ಜುವುದಿಲ್ಲ. ಕ್ಯಾಪಿಗೆ ನಾಲ್ಕು ಹನಿ ಹಾಕಿ ಹೆಡ್ ಕೂರಿಸುತ್ತೇವೆ. ವಿನೈಲ್ ಬೇಗ ಒಣಗಲಿ ಅಂತ ಇಟ್ಟ ಟೇಬಲ್ ಫ್ಯಾನನ್ನು ಹೆಡ್ಡಿನ ಕಡೆಯಿಂದ ತಿರುಗಿಸಿದ್ದೇನೆ, ಅದೂ ಹೆಡ್ ಒಣಗಿಸುತ್ತಿತ್ತು. ಉಪ್ಪುಗಾಳಿಗೆ ಹೆಡ್ ಓಡಾಡುವ ಹಳಿ ತುಕ್ಕು ಹಿಡಿಯುತ್ತದೆ, ಅದಕ್ಕೆ ವಾರಕ್ಕೊಮ್ಮೆ ಒರೆಸಿ ತೆಳುವಾಗಿ ಎಣ್ಣೆ. ಹೆಡ್ ಎಲ್ಲಿದೆ ಅಂತ ಮೆಷಿನ್ ತಿಳಿದುಕೊಳ್ಳುವ ಎನ್‌ಕೋಡರ್ ಪಟ್ಟಿಗೆ ಆ ಎಣ್ಣೆಯ ಕೈ ತಾಗಬಾರದು. ವಿನೈಲ್ ಬಿಸಿ ಮಾಡುವ ಹೀಟರ್ ಬಿಟ್ಟು ಉಳಿದದ್ದಕ್ಕೆ ಯುಪಿಎಸ್ ಹಾಕಿಸಿದ್ದೇನೆ, ಕರೆಂಟ್ ಹೋದರೂ ಹೆಡ್ ವಾಪಸ್ ಹೋಗಿ ಕೂರುವಷ್ಟು ಹೊತ್ತು ಸಾಕು. ನಮ್ಮ ಮೆಷಿನ್ನಿನಲ್ಲಿ ಕೈಯಿಂದ ಮೆಲ್ಲಗೆ ತಳ್ಳಿಯೂ ಕೂರಿಸಬಹುದು. ಎಲ್ಲ ಮೆಷಿನ್ನಿಗೆ ಹಾಗೆ ಆಗುವುದಿಲ್ಲ, ನಿಮ್ಮ ಇಂಜಿನಿಯರನ್ನು ಕೇಳಿಕೊಳ್ಳಿ. ಸೊಲ್ಯೂಷನ್ ಯಾವಾಗಲೂ ಎರಡು ಬಾಟಲಿ, ಒಂದು ಒಡೆಯದೇ ಇರುತ್ತದೆ.

ಥಿನ್ನರಿನ ವಾಸನೆಯ ಆ ನೀರಿನ ಬಾಟಲಿಯನ್ನು ರಿಪೇರಿಯವರು ಇಲ್ಲೇ ಬಿಟ್ಟುಹೋಗಿದ್ದರು. ಹಳೆಯ ಡ್ಯಾಂಪರ್ ಒಂದನ್ನು ಅದರಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಅದರ ಪೊರೆ ನೆನೆದ ಹಪ್ಪಳದ ಹಾಗೆ ಮುದುರಿತ್ತು. ಅಂಗಡಿಗೆ ಬಂದ ಪ್ರಿಂಟಿಂಗಿನವರಿಗೆಲ್ಲ ಅದನ್ನು ತೋರಿಸುತ್ತೇನೆ. ಆ ಮನುಷ್ಯ ಈಗಲೂ ಚೀಲ ಹಿಡಿದು ಓಡಾಡುತ್ತಿದ್ದಾರೆ.

ನಾನು ಊರಲ್ಲಿ ಇಲ್ಲದ ದಿನ ಹುಡುಗ ರಾತ್ರಿ ಎಂಟಕ್ಕೆ ನಾಝಲ್ ಚೆಕ್ಕಿನ ಫೋಟೋ ಕಳಿಸಬೇಕು ಅಂತ ಮಾಡಿದ್ದೇನೆ. ನಿನ್ನೆ ಶಿರಸಿಯಲ್ಲಿದ್ದಾಗ ಬಂತು. ಕಪ್ಪಿನಲ್ಲಿ ಒಂದು ಗೆರೆ ಇಲ್ಲ. "ಕ್ಲೀನಿಂಗ್ ಕೊಡ್ಲಾ ಅಣ್ಣ?" ಅಂತ ಕೇಳಿದ್ದಾನೆ. ಬೇಡ, ನಾಲ್ಕು ಹನಿ ಹಾಕಿ ಮಲಗಿಸು, ಬೆಳಿಗ್ಗೆ ನೋಡೋಣ ಅಂದೆ.